ಬಿಂಬುಳಿಯೂ ಆಸಿಡ್ಡೇ ಅಲ್ವಾ?

ನಮಸ್ಕಾರ. ಇವತ್ತು ಮೊದಲು ನಮ್ಮ ಚಾವಡಿಯ ನೆಲ ನೋಡಿ. ಮಾವನ ಕಾಲದ ರೆಡ್ ಆಕ್ಸೈಡ್ ನೆಲ, ಅಂದರೆ ಸಿಮೆಂಟಿಗೆ ಕೆಂಪು ಬಣ್ಣ ಸೇರಿಸಿ ಮಾಡಿದ್ದು. ಬಗ್ಗಿದರೆ ಮುಖ ಕಾಣುತ್ತಿತ್ತು. ಈಗ ಈ ಮೂಲೆಯಿಂದ ಆ ಕಂಬದವರೆಗೆ ಮಂಕು ಹಿಡಿದಿದೆ. ಹಾಳು ಮಾಡಿದ್ದು ಬೇರೆ ಯಾರೂ ಅಲ್ಲ, ನಾನೇ.

ಅಂಗಡಿಯ ಯಾವ ಕೆಮಿಕಲ್ಲನ್ನೂ ಹಾಕಿಲ್ಲ. ವಿಡಿಯೋ ನೋಡಿ ಮಾಡಿದ ಬಯೋ ಎಂಜೈಮ್ ಅದು. ಒಂದು ಪಾಲು ಬೆಲ್ಲ, ಮೂರು ಪಾಲು ಮೂಸಂಬಿ ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು ಕಾಯುವುದು. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಬೇಕು, ಇಲ್ಲದಿದ್ದರೆ ಬಾಟಲಿ ಒಡೆಯುತ್ತದೆ. ಅಷ್ಟೆಲ್ಲ ಸರಿಯಾಗಿ ಮಾಡಿದೆ. ಆಮೇಲೆ ನೀರು ಬೆರೆಸದೆ ಹಾಗೇ ನೆಲಕ್ಕೆ ಸುರಿದು ಅರ್ಧ ಗಂಟೆ ಬಿಟ್ಟೆ. ಜಾಸ್ತಿ ಹಾಕಿದರೆ ಜಾಸ್ತಿ ಹೊಳೆಯುತ್ತದೆ ಅಂತ ನನ್ನ ಲೆಕ್ಕ.

ಹೆಸರು ಎಂಜೈಮ್ ಆದರೂ ಆ ಬಾಟಲಿಯಲ್ಲಿ ಕೆಲಸ ಮಾಡುವುದು ಹೆಚ್ಚಾಗಿ ಹುಳಿ. ಬೆಲ್ಲ ಹುಳಿತು ವಿನೆಗರ್‌ನಂಥದ್ದು ಆಗಿರುತ್ತದೆ. ಸಿಮೆಂಟಿನಲ್ಲಿ ಸುಣ್ಣದ ಅಂಶ ಇದೆ. ಹುಳಿ ಸುಣ್ಣವನ್ನು ತಿನ್ನುತ್ತದೆ. ಮಾರ್ಬಲ್‌ಗೂ ಇದೇ ಗತಿ.

ನಮ್ಮ ಕಾಸರಗೋಡಿನಲ್ಲಿ ಕೆಮಿಕಲ್ ಎಂಬ ಮಾತಿಗೆ ಜನ ಹೆದರಿದರೆ ನಾನು ನಗುವುದಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಲ್ಲಿಸಿತು. ಅದರಿಂದ ತುಂಬಾ ನರಳಿದ ಎಣ್ಮಕಜೆಯ ಕಡೆಯವರಿಗೆ ಅದರ ಕತೆ ಯಾರೂ ಹೇಳಬೇಕಾಗಿಲ್ಲ. ಆದರೆ ಅದೇ ಹೆದರಿಕೆಯನ್ನು ಹಿಡಿದುಕೊಂಡು "ನೈಸರ್ಗಿಕ" ಅಂತ ಬರೆದ ಬಾಟಲಿಯನ್ನೆಲ್ಲ ನಂಬುವುದು ನನಗೆ ಸರಿ ಕಾಣುವುದಿಲ್ಲ. ಮನೆಯಲ್ಲೇ ಮಾಡಿದ್ದಾದರೂ ಅಷ್ಟೇ. ಹಿತ್ತಲಿನ ಬಿಂಬುಳಿಯನ್ನೇ ನೋಡಿ, ಸಾರು ಉಪ್ಪಿನಕಾಯಿಗೆ ಹಾಕುವ ಆ ಹುಳಿ ಹಸಿರು ಕಾಯಿ. ಅದರ ಜ್ಯೂಸ್ ಗಟ್ಟಿಯಾಗಿ ಕುಡಿದು ಕಿಡ್ನಿ ಕೆಟ್ಟವರ ಬಗ್ಗೆ ಕೇರಳದ ಡಾಕ್ಟರುಗಳೇ 2013ರಲ್ಲಿ ಬರೆದಿದ್ದಾರೆ. ಅದರಲ್ಲಿರುವ ಆಕ್ಸಾಲಿಕ್ ಆಸಿಡ್ ಅಷ್ಟು ಜೋರು.

ಅಷ್ಟು ಜೋರಾದ್ದರಿಂದಲೇ ಕಬ್ಬಿಣದ ಕಲೆಗೆ ಅದರಷ್ಟು ಒಳ್ಳೆಯ ಮದ್ದು ಇನ್ನೊಂದಿಲ್ಲ. ಮಲಯಾಳದಲ್ಲಿ ಅದಕ್ಕೆ ಇರುಂಬನ್ ಪುಳಿ ಅನ್ನುತ್ತಾರೆ. ಇರುಂಬು ಅಂದರೆ ಕಬ್ಬಿಣ, ಹೆಸರಲ್ಲೇ ಇದೆ. ನಮ್ಮಲ್ಲಿ ಕೆಲವು ಬೋರ್‌ವೆಲ್ ನೀರಿಗೆ ಬಕೆಟ್ಟು, ಬಚ್ಚಲ ಟೈಲ್ಸು ಎಲ್ಲ ಕೆಂಪಾಗುತ್ತದೆ ಅಲ್ವಾ? ನಾಲ್ಕು ಬಿಂಬುಳಿ ಜಜ್ಜಿ ತಿಕ್ಕಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಕತ್ತಿಗೆ ತುಕ್ಕು ಹಿಡಿದರೂ ಇದೇ. ಬಿಳಿ ಪಂಚೆಗೆ ತಂತಿಯ ತುಕ್ಕು ತಾಗಿದರೆ ರಸ ಹಚ್ಚಿ, ಒಣಗಲು ಬಿಡದೆ ಚೆನ್ನಾಗಿ ನೀರಲ್ಲಿ ಜಾಲಿಸಿ. ಬಣ್ಣದ ಬಟ್ಟೆಗಾದರೆ ಮೊದಲು ಒಳಮಡಿಕೆಯಲ್ಲಿ ಒಂದು ಹನಿ ಹಚ್ಚಿ ನೋಡಿ.

ಅಮ್ಮನ ಮನೆಯಲ್ಲಿ ಇದನ್ನೆಲ್ಲ ಒಟ್ಟಿಗೆ ಕಲಸುವ ಪದ್ಧತಿ ಇರಲಿಲ್ಲ. ಹಿತ್ತಾಳೆ ದೀಪಕ್ಕೆ ಹುಣಸೆಹುಳಿ. ಜಿಡ್ಡು ಹಿಡಿದ ಬಾಣಲೆಗೆ ಬೂದಿ ಮತ್ತು ತೆಂಗಿನ ನಾರು. ಬೂದಿಯಲ್ಲಿರುವುದು ಕ್ಷಾರ, ಅದು ಎಣ್ಣೆಯ ಜಿಡ್ಡಿಗೆ ಸೇರಿದರೆ ಅಲ್ಲಿಯೇ ಸ್ವಲ್ಪ ಸಾಬೂನು ಆಗುತ್ತದೆ. ಹುಳಿ ಮತ್ತು ಬೂದಿ ಸೇರಿಸಿದರೆ ಎರಡರ ಶಕ್ತಿಯೂ ಹೋಗುತ್ತದೆ. ಈಗಿನ ವಿಡಿಯೋಗಳಲ್ಲಿ ಸೋಡಾಪುಡಿಗೆ ವಿನೆಗರ್ ಸುರಿದು ಬುಸ್ ಅಂತ ನೊರೆ ಬರಿಸುವುದು ಅದೇ ತಪ್ಪು. ನೋಡಲು ಚಂದ. ಅದು ಬರೀ ಗ್ಯಾಸ್. ನೊರೆ ಇಳಿದ ಮೇಲೆ ಉಳಿಯುವುದು ಒಂಥರಾ ಉಪ್ಪು ನೀರು. ಬೇರೆ ಬೇರೆ ಹಾಕಿದ್ದರೆ ಎರಡೂ ಕೆಲಸಕ್ಕೆ ಬರುತ್ತಿತ್ತು.

ಬೂದಿಯ ಬಗ್ಗೆ ಒಂದು ಮಾತು. ಬಚ್ಚಲ ಒಲೆಗೆ ತೆಂಗಿನ ಮಡಲು, ಅಡಿಕೆ ಸೋಗೆ ಮಾತ್ರ ಹಾಕುವ ಮನೆಯಾದರೆ ಆ ಬೂದಿ ಒಳ್ಳೆಯದು. ಈಗ ಹಾಲಿನ ತೊಟ್ಟೆ, ಬಿಸ್ಕತ್ತಿನ ತೊಟ್ಟೆ ಅಂತ ಪ್ಲಾಸ್ಟಿಕ್ ಎಲ್ಲ ಹೋಗುವುದು ಅದೇ ಒಲೆಗೆ. ಆ ಬೂದಿಯಲ್ಲಿ ಊಟದ ಪಾತ್ರೆ ತಿಕ್ಕಬೇಡಿ. ಅಲ್ಯೂಮಿನಿಯಂಗಂತೂ ಯಾವ ಬೂದಿಯೂ ಬೇಡ, ಕ್ಷಾರ ಅದನ್ನು ಕಪ್ಪು ಮಾಡಿ ತಿನ್ನುತ್ತದೆ.

ನಾನು ದಿನಾ ಬಳಸುವುದು ಅಂಟುವಾಳ. ಬೀಜ ತೆಗೆದ ಹದಿನೈದು ಇಪ್ಪತ್ತು ಸಿಪ್ಪೆ, ಒಂದು ಲೀಟರ್ ನೀರು. ರಾತ್ರಿ ನೆನೆಹಾಕಿ ಬೆಳಗ್ಗೆ ಕಾಲು ಗಂಟೆ ಕುದಿಸಿ, ಆರಿದ ಮೇಲೆ ಕಿವುಚಿ ಸೋಸುವುದು. ರೇಷ್ಮೆ ಸೀರೆಗೆ, ಬಂಗಾರಕ್ಕೆ, ಊಟದ ತಟ್ಟೆಗೆ ಸಾಕು. ಸಾಬೂನಿನಷ್ಟು ನೊರೆ ಬರುವುದಿಲ್ಲ, ಅದಕ್ಕೆ ಬೇಸರ ಮಾಡಬೇಡಿ. ಕಣ್ಣಿಗೆ ತಾಗಿದರೆ ಚೆನ್ನಾಗಿ ಉರಿಯುತ್ತದೆ. ಮೂರು ನಾಲ್ಕು ದಿನಕ್ಕೆ ಹಳಸುತ್ತದೆ, ಹಾಗಾಗಿ ಒಂದು ತಿಂಗಳದ್ದು ಒಮ್ಮೆಲೇ ಮಾಡಿಡಬೇಡಿ. ಮತ್ತೆ, ಆ ನೀರನ್ನು ಕೆರೆಗೆ ಬಿಡಬೇಡಿ. ಹಿಂದೆ ಮೀನು ಹಿಡಿಯಲು ಕೆಲವರು ನೀರಿಗೆ ಹಾಕುತ್ತಿದ್ದದ್ದು ಇಂಥ ನೊರೆಕಾಯಿಯನ್ನೇ. ತೆಂಗಿನ ಬುಡಕ್ಕೆ ಚೆಲ್ಲಿದರೆ ಆಯಿತು.

ಇನ್ನು ಬ್ಲೀಚಿಂಗ್ ಪೌಡರ್. ಇದನ್ನು ಮನೆಯಿಂದ ಹೊರಗೆ ಹಾಕಿ ಅಂತ ನಾನು ಹೇಳುವುದಿಲ್ಲ. ಊರಲ್ಲಿ ಕಾಮಾಲೆ ಬಂದಾಗ ಆರೋಗ್ಯ ಇಲಾಖೆಯವರು ಬಾವಿಗೆ ಹಾಕುವುದು ಅದನ್ನೇ. ಅಂಟುವಾಳ ಕೊಳೆ ತೆಗೆಯುತ್ತದೆ, ಆದರೆ ರೋಗಾಣುವಿಗೆ ಅದನ್ನು ನಂಬಲಾಗದು. ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಆದರೆ ಆ ಪಾಯಿಖಾನೆಗೆ ನಾನು ಕಣ್ಣು ಮುಚ್ಚಿ ಬ್ಲೀಚಿಂಗ್ ಪೌಡರ್ ಹಾಕುತ್ತೇನೆ. ಅದರ ಮೇಲೆ ಮಾತ್ರ ಬಿಂಬುಳಿ, ವಿನೆಗರ್, ಆ ಎಂಜೈಮ್ ನೀರು, ಅಂಗಡಿಯ ಟಾಯ್ಲೆಟ್ ಆಸಿಡ್, ಯಾವುದನ್ನೂ ಹಾಕಬೇಡಿ. ಹುಳಿ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಬಾಗಿಲು ಹಾಕಿಕೊಂಡು ಬಚ್ಚಲು ತಿಕ್ಕುವವರ ಉಸಿರೇ ಕಟ್ಟಬಹುದು. ಹಿತ್ತಲಲ್ಲಿ ಬೆಳೆದ ಹುಳಿ ಅಂತ ಅದು ರಿಯಾಯಿತಿ ಕೊಡುವುದಿಲ್ಲ.

"ಅಜ್ಜಿಯ ಕಾಲದಲ್ಲಿ ಎಷ್ಟು ಚಂದ ಇತ್ತು" ಎನ್ನುವ ವಿಡಿಯೋ ಮಾಡುವವರಲ್ಲಿ ಒಂದು ಪ್ರಶ್ನೆ. ಜಂಬರದ ಊಟ ಮುಗಿದ ಮರುದಿನ ಬೂದಿ ಹಿಡಿದು ಚರಿಗೆ, ಕೊಪ್ಪರಿಗೆ ತಿಕ್ಕಿದ್ದು ಯಾರು? ನನ್ನ ಅಮ್ಮನ ಬೆರಳ ತುದಿ ಮಳೆಗಾಲ ಇಡೀ ಒಡೆದಿರುತ್ತಿತ್ತು. ಪಾತ್ರೆಯ ಸಾಬೂನು ಮೊದಲ ಸಲ ಮನೆಗೆ ಬಂದ ದಿನ ಅವರಿಗೆ ಆದ ಖುಷಿ ನನಗೆ ನೆನಪಿದೆ. ಹಾಗಾಗಿ ನಮ್ಮ ಮನೆಯಲ್ಲಿ ಅಂಟುವಾಳ ಕುದಿಸುವುದು ನಾನು, ಬೂದಿ ಹಾಕಿ ಬಾಣಲೆ ತಿಕ್ಕುವುದು ನಮ್ಮವರು. ನೈಸರ್ಗಿಕ ಬೇಕು ಅಂತ ಮೊದಲು ಹಟ ಹಿಡಿದದ್ದು ಅವರೇ ಅಲ್ವಾ!

ನೆಲಕ್ಕೆ ಈಗ ಬರೀ ನೀರು, ವಾರಕ್ಕೊಮ್ಮೆ ಬಟ್ಟೆಗೆ ಎರಡು ಹನಿ ತೆಂಗಿನೆಣ್ಣೆ. ಸ್ವಲ್ಪ ಬಣ್ಣ ಬಂದಿದೆ, ಮೊದಲಿನ ಹೊಳಪು ಬಂದಿಲ್ಲ. ಅಂಟುವಾಳ ಅಂಗಡಿಯಲ್ಲಿ ಸಿಗುತ್ತದೆ. ಬಿಂಬುಳಿ ದುಡ್ಡು ಕೊಟ್ಟು ತರಬೇಡಿ. ಮರ ಇರುವ ಮನೆಯವರನ್ನು ಕೇಳಿ. ಒಂದು ಹಿಡಿ ಕೇಳಿದರೆ ಒಂದು ತೊಟ್ಟೆ ತುಂಬಿಸಿ ಕೊಟ್ಟು, "ನಾಳೆಯೂ ಬನ್ನಿ" ಅನ್ನುತ್ತಾರೆ.