ಹಳೆಯ ಕಾರಿನ ಎಸಿಗೆ ಹೊಸ ಗ್ಯಾಸ್: ಮೊದಲು ಎಣ್ಣೆಯ ಮಾತು

ಹಳೆಯ ಕಾರುಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದಿರುವ ಹಿರಿಯರೇ, ಅವುಗಳ ದುರಸ್ತಿಯನ್ನು ಕಸುಬಾಗಿ ಕಲಿಯುತ್ತಿರುವ ವಿದ್ಯಾರ್ಥಿಗಳೇ,

1990ರ ದಶಕದ ಆರಂಭದ ಕಾರೊಂದರಲ್ಲಿ ತಂಪು ಬರುತ್ತಿಲ್ಲವೆಂದು ಗ್ಯಾರೇಜಿಗೆ ಹೋದರೆ, ‘ಗ್ಯಾಸ್ ಹೋಗಿದೆ, ಹೊಸ ಗ್ಯಾಸ್ ತುಂಬಿಸೋಣ’ ಎಂಬ ಉತ್ತರ ಸಿಗುತ್ತದೆ. ನನ್ನ ಹಳೆಯ ಕಾರಿಗೂ ಹೀಗೆಯೇ ಒಮ್ಮೆ ಹೊಸ ಗ್ಯಾಸ್ ತುಂಬಿಸಿದೆ. ಮೊದಲ ಕೆಲವು ವಾರ ಚೆನ್ನಾಗಿಯೇ ತಂಪು ಬಂತು; ಆಮೇಲೆ ಗ್ಯಾಸನ್ನು ಒತ್ತಿ ತಳ್ಳುವ ಕಂಪ್ರೆಸರ್ ಕಿರುಗುಟ್ಟಿ ಜಾಮ್ ಆಯಿತು. ಬಿಚ್ಚಿ ನೋಡಿದಾಗ ಒಳಗೆ ಎಣ್ಣೆಯ ಪಸೆಯೇ ಇರಲಿಲ್ಲ. ಅದು ಯಾಕೆ ಹಾಗಾಯಿತು ಎಂಬುದನ್ನು ತಿಳಿಸುವುದೇ ಇಂದಿನ ಉಪನ್ಯಾಸದ ಮುಖ್ಯ ಉದ್ದೇಶ.

ಆ ಕಾಲದ ಕಾರುಗಳ ಎಸಿಯಲ್ಲಿ ಇರುತ್ತಿದ್ದದ್ದು ಆರ್-12 ಎಂಬ ಗ್ಯಾಸ್. ಅಮೆರಿಕದ ಥಾಮಸ್ ಮಿಡ್ಜ್ಲಿ ಮತ್ತು ಸಂಗಡಿಗರು 1928ರ ಸುಮಾರಿಗೆ ಈ ಬಗೆಯ ಕ್ಲೋರೋಫ್ಲೋರೋಕಾರ್ಬನ್‌ಗಳನ್ನು ತಂಪಿಸುವ ಕೆಲಸಕ್ಕೆ ತಂದಾಗ, ಅವು ಬೆಂಕಿ ಹಿಡಿಯುವುದಿಲ್ಲ, ವಿಷವೂ ಅಲ್ಲ ಎಂಬುದು ದೊಡ್ಡ ಸಮಾಧಾನವಾಗಿತ್ತು. ಅವು ಮೇಲಿನ ವಾಯುಮಂಡಲಕ್ಕೆ ಏರಿ, ಅಲ್ಲಿ ಬಿಡುಗಡೆಯಾಗುವ ಕ್ಲೋರಿನ್‌ನಿಂದ ಓಝೋನ್ ಪದರವನ್ನು ಸವೆಸುತ್ತವೆಂದು 1974ರಲ್ಲಿ ಮೊಲಿನಾ ಮತ್ತು ರೋಲ್ಯಾಂಡ್ ತೋರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು. ಇನ್‌ಹೇಲರ್‌ಗಳಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ 2010ರ ಹೊತ್ತಿಗೆ ಇಲ್ಲಿ ಈ ಗ್ಯಾಸ್‌ಗಳ ಬಳಕೆ ನಿಂತಿತು. ಕಾರುಗಳಲ್ಲಿ ಇದರ ಜಾಗಕ್ಕೆ ಬಂದದ್ದು ಕ್ಲೋರಿನ್ ಇಲ್ಲದ ಆರ್-134ಎ.

ಈಗ ಎಣ್ಣೆಯ ವಿಷಯಕ್ಕೆ ಬರುತ್ತೇನೆ. ಕಾರಿನ ಎಂಜಿನ್ನಿನಲ್ಲಿ ಎಣ್ಣೆಯನ್ನು ತಳ್ಳಲು ಪಂಪ್ ಇರುವಂತೆ ಎಸಿಯ ಪೈಪುಗಳಲ್ಲಿ ಪ್ರತ್ಯೇಕ ಪಂಪ್ ಇರುವುದಿಲ್ಲ. ಕಂಪ್ರೆಸರಿನಿಂದ ಗ್ಯಾಸ್‌ನೊಡನೆ ಹೊರಟ ಎಣ್ಣೆ, ಅದರಲ್ಲೇ ಕರಗಿ, ಕಂಡೆನ್ಸರ್ (ಬಿಸಿಯನ್ನು ಹೊರಗೆ ಬಿಡುವ ಭಾಗ), ಡ್ರೈಯರ್ (ತೇವ ಹೀರುವ ಡಬ್ಬಿ), ಎಕ್ಸ್‌ಪ್ಯಾನ್ಷನ್ ವಾಲ್ವ್ (ಒತ್ತಡ ಇಳಿಸುವ ಕಿರಿದಾದ ದಾರಿ), ಕೂಲಿಂಗ್ ಕಾಯಿಲ್ ಎಲ್ಲವನ್ನೂ ಸುತ್ತಿ ಮತ್ತೆ ಕಂಪ್ರೆಸರಿಗೆ ಮರಳಬೇಕು. ಆರ್-12ರಲ್ಲಿ ಖನಿಜ ಎಣ್ಣೆ ಚೆನ್ನಾಗಿ ಕರಗುತ್ತಿತ್ತು. ಆರ್-134ಎಯಲ್ಲಿ ಅದು ಕರಗುವುದೇ ಇಲ್ಲ. ಹೊಸ ಗ್ಯಾಸ್ ತುಂಬಿ ಹಳೆಯ ಎಣ್ಣೆಯನ್ನು ಹಾಗೆಯೇ ಬಿಟ್ಟರೆ, ಒಮ್ಮೆ ಹೊರಗೆ ಹೋದ ಎಣ್ಣೆ ಕೂಲಿಂಗ್ ಕಾಯಿಲಿನ ತಳದಲ್ಲೋ ಕಂಡೆನ್ಸರಿನ ಕೊಳವೆಗಳಲ್ಲೋ ಕೂತುಬಿಡುತ್ತದೆ, ಮರಳಿ ಬರುವುದಿಲ್ಲ. ನನ್ನ ಕಾರಿನಲ್ಲಿ ಆದದ್ದು ಇದೇ.

ಹೊಸ ಗ್ಯಾಸ್‌ಗೆ ಎರಡು ಬಗೆಯ ಕೃತಕ ಎಣ್ಣೆಗಳಿವೆ: ಪಿಎಜಿ (ಪಾಲಿಆಲ್ಕಿಲೀನ್ ಗ್ಲೈಕಾಲ್) ಮತ್ತು ಎಸ್ಟರ್. ಕಾರ್ಖಾನೆಯಿಂದಲೇ ಆರ್-134ಎ ತುಂಬಿಸಿಕೊಂಡು ಬಂದ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಪಿಎಜಿ. ಆದರೆ ಅದು ಗಾಳಿಯ ತೇವವನ್ನು ಬಹುಬೇಗ ಹೀರುತ್ತದೆ, ಹಳೆಯ ಗ್ಯಾಸ್ ಬಿಟ್ಟುಹೋದ ಕ್ಲೋರಿನ್ ಅಂಶದೊಡನೆ ಅದಕ್ಕೆ ಹೊಂದುವುದಿಲ್ಲ. ಎಷ್ಟೇ ತೊಳೆದರೂ ಹಳೆಯ ಎಣ್ಣೆಯ ಪಸೆ ಒಳಗೆ ಸ್ವಲ್ಪವಾದರೂ ಉಳಿಯುವುದರಿಂದ, ಪರಿವರ್ತನೆಗೆ ನಾನು ಎಸ್ಟರ್ ಎಣ್ಣೆಯನ್ನೇ ಆರಿಸುತ್ತೇನೆ. ಕಂಪ್ರೆಸರ್ ತಯಾರಕರು ಬೇರೆ ಹೇಳಿದ್ದರೆ ಅವರ ಮಾತೇ ನಡೆಯಲಿ. ಕಂಪ್ರೆಸರನ್ನು ಇಳಿಸಿ, ತಲೆಕೆಳಗಾಗಿ ಹಿಡಿದು, ಶಾಫ್ಟನ್ನು ಕೈಯಿಂದ ತಿರುಗಿಸುತ್ತಾ ಹಳೆಯ ಎಣ್ಣೆಯನ್ನು ಬಸಿಯಬೇಕು. ಪೈಪುಗಳನ್ನೂ ಕಾಯಿಲನ್ನೂ ತೊಳೆಯಬಹುದು, ಆದರೆ ತೊಳೆಯುವ ದ್ರಾವಣವನ್ನು ಕಂಪ್ರೆಸರಿಗಾಗಲಿ ಎಕ್ಸ್‌ಪ್ಯಾನ್ಷನ್ ವಾಲ್ವಿಗಾಗಲಿ ಹಾಯಿಸಬಾರದು.

ಡ್ರೈಯರ್ ಬದಲಿಸಲೇಬೇಕು. ಹಳೆಯದರಲ್ಲಿರುವ ಎಕ್ಸ್‌ಎಚ್-5 ಎಂಬ ತೇವಹೀರುವ ಹರಳು ಹೊಸ ಗ್ಯಾಸ್‌ಗೆ ಹೊಂದುವಂಥದ್ದಲ್ಲ. ಎಕ್ಸ್‌ಎಚ್-7 ಅಥವಾ ಎಕ್ಸ್‌ಎಚ್-9 ಇರುವುದನ್ನು ಕೇಳಿ ತನ್ನಿ. ಬಿಚ್ಚಿದ ಪ್ರತಿಯೊಂದು ಜಾಯಿಂಟಿಗೂ ಹೊಸ ಓ-ರಿಂಗ್ ಹಾಕಿ. ಹೋಸ್ ಪೈಪು ಬಿರುಕು ಬಿಟ್ಟಿದ್ದರೆ, ಒಳಗೆ ನೈಲಾನ್ ಪದರವಿರುವ ಪೈಪನ್ನೇ ಹಾಕಿಸಿ, ಏಕೆಂದರೆ ಹೊಸ ಗ್ಯಾಸ್‌ನ ಅಣು ಚಿಕ್ಕದು, ಬರಿಯ ರಬ್ಬರಿನ ಮೂಲಕ ಸುಲಭವಾಗಿ ಜಿನುಗುತ್ತದೆ.

ಈ ಗ್ಯಾಸ್‌ನ ಒತ್ತಡದ ಸ್ವಭಾವವೂ ಬೇರೆ. 0 ಡಿಗ್ರಿಯಲ್ಲಿ ಎರಡೂ ಹೆಚ್ಚುಕಡಿಮೆ 3 ಬಾರ್‌ನಲ್ಲಿರುತ್ತವೆ. 60 ಡಿಗ್ರಿಗೆ ಬಂದರೆ ಆರ್-12 ಸುಮಾರು 15 ಬಾರ್ ಇದ್ದಲ್ಲಿ ಆರ್-134ಎ 17 ಬಾರ್‌ನ ಹತ್ತಿರ ಹೋಗುತ್ತದೆ. ಮೇ ತಿಂಗಳ ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ, ಅಥವಾ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎಂಜಿನ್ ಚಾಲೂ ಇಟ್ಟು ನಿಂತಾಗ, ಈ ವ್ಯತ್ಯಾಸ ಕಂಪ್ರೆಸರಿನ ಮೇಲೆ ನೇರವಾಗಿ ಬೀಳುತ್ತದೆ. ಹಳೆಯ ಕಂಡೆನ್ಸರಿನ ಧೂಳು ತೊಳೆದು ಅದರ ಫ್ಯಾನ್ ಪೂರ್ಣ ವೇಗದಲ್ಲಿ ತಿರುಗುತ್ತದೆಯೇ ಎಂದು ನೋಡುವುದು ಕನಿಷ್ಠ ಕೆಲಸ. ಕೈಯಲ್ಲಿ ಹಣವಿದ್ದರೆ ಚಪ್ಪಟೆ ಕೊಳವೆಗಳ ಹೊಸ ಮಾದರಿಯ ಕಂಡೆನ್ಸರ್ ಹಾಕಿಸುವುದು ಒಳ್ಳೆಯದು. ಒತ್ತಡ ಮಿತಿ ಮೀರಿದಾಗ ಕಂಪ್ರೆಸರನ್ನು ನಿಲ್ಲಿಸುವ ಸ್ವಿಚ್ ಇಲ್ಲದ ಕಾರಿಗೆ ಅದನ್ನು ಸೇರಿಸದೆ ಗ್ಯಾಸ್ ತುಂಬಬೇಡಿ.

ತುಂಬುವ ಮುಂಚೆ ವ್ಯಾಕ್ಯೂಮ್ ಮಾಡುವ, ಅಂದರೆ ಒಳಗಿನ ಗಾಳಿಯನ್ನು ಪಂಪಿನಿಂದ ಎಳೆದು ತೆಗೆಯುವ, ಕೆಲಸದಲ್ಲಿ ನಮ್ಮೂರಿನ ಮೆಕ್ಯಾನಿಕ್ಕುಗಳು ಒಂದು ಗೊಂದಲಕ್ಕೆ ಬೀಳುವುದನ್ನು ಕಂಡಿದ್ದೇನೆ. ಪುಸ್ತಕಗಳು ವ್ಯಾಕ್ಯೂಮ್ ಗೇಜ್ ಪಾದರಸದ 29 ಇಂಚಿನಾಚೆ ಹೋಗಬೇಕೆನ್ನುತ್ತವೆ. ಅದು ಮಂಗಳೂರಿನಂಥ ಸಮುದ್ರಮಟ್ಟದ ಊರಿಗೆ ಸರಿ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡವೇ ಸುಮಾರು 27 ಇಂಚು ಪಾದರಸದಷ್ಟಿರುವುದರಿಂದ, ಪಂಪ್ ಎಷ್ಟೇ ಒಳ್ಳೆಯದಿದ್ದರೂ ಮುಳ್ಳು ಅಲ್ಲಿಗೇ ನಿಲ್ಲುತ್ತದೆ. ಅದನ್ನು ಲೀಕ್ ಎಂದು ಭಾವಿಸಿ ಹುಡುಕಾಡುವ ಬದಲು, ಪಂಪನ್ನು ಅರ್ಧ ಮುಕ್ಕಾಲು ಗಂಟೆ ಓಡಿಸಿ, ವಾಲ್ವ್ ಮುಚ್ಚಿ, ಮುಳ್ಳು ಹಿಂದಕ್ಕೆ ಬರುತ್ತದೆಯೇ ಎಂದು ಕಾಯಿರಿ. ಒಳಗಿನ ನೀರಿನ ಅಂಶ ಕುದಿದು ಹೋಗಲು ಈ ಸಮಯ ಬೇಕು.

ಗ್ಯಾಸ್‌ನ ಪ್ರಮಾಣ ಹಳೆಯದರ ಶೇಕಡ 80ರಿಂದ 90ರಷ್ಟು: 900 ಗ್ರಾಂ ಆರ್-12 ಹಿಡಿಯುತ್ತಿದ್ದ ಕಾರಿಗೆ 720ರಿಂದ 810 ಗ್ರಾಂ. ತಕ್ಕಡಿಯಲ್ಲಿ ತೂಗಿಯೇ ತುಂಬಬೇಕು. ಸೈಟ್ ಗ್ಲಾಸಿನಲ್ಲಿ (ಒಳಗಿನ ಹರಿವು ಕಾಣುವ ಗಾಜಿನ ಕಿಂಡಿಯಲ್ಲಿ) ಗುಳ್ಳೆ ನಿಲ್ಲುವವರೆಗೆ ತುಂಬುವ ಹಳೆಯ ರೂಢಿ ಇಲ್ಲಿ ಮೋಸ ಮಾಡುತ್ತದೆ. ಸರಿಯಾದ ತೂಕದಲ್ಲೂ ಗುಳ್ಳೆ ಕಾಣಬಹುದು. ಅಗ್ಗವೆಂದು ಅಡುಗೆ ಗ್ಯಾಸ್ ಬೆರೆಸುವವರಿದ್ದಾರೆ. ಮನುಷ್ಯರು ಕೂರುವ ಗಾಡಿಯೊಳಗಿನ ಕಾಯಿಲಿಗೆ ಬೆಂಕಿ ಹಿಡಿಯುವ ಗ್ಯಾಸ್ ಬಿಡುವುದನ್ನು ನಾನು ಒಪ್ಪಲಾರೆ. ಇಂದಿನ ಹಲವು ಹೊಸ ಕಾರುಗಳಲ್ಲಿರುವ ಆರ್-1234ವೈಎಫ್ ಕೂಡ ಅಲ್ಪಮಟ್ಟಿಗೆ ಉರಿಯುವಂಥದ್ದು. ಅದಕ್ಕಾಗಿ ರೂಪಿಸದ ಹಳೆಯ ಕಾರಿಗೆ ಅದು ಬೇಡ.

ಹಳೆಯ ಗ್ಯಾಸ್ ಇನ್ನೂ ಒಳಗೆ ಉಳಿದಿದ್ದರೆ, ನಟ್ಟು ಸಡಿಲಿಸಿ ಗಾಳಿಗೆ ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಆರ್-12 ವಾಯುಮಂಡಲದಲ್ಲಿ ಸುಮಾರು 100 ವರ್ಷ ಉಳಿಯುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದರ ಒಂದು ಕಿಲೋ ಭೂಮಿಯನ್ನು ಬಿಸಿಯಾಗಿಸುವುದು 10 ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್‌ನಷ್ಟು. ರಿಕವರಿ ಯಂತ್ರವಿರುವ ಗ್ಯಾರೇಜಿನಲ್ಲಿ ಸಿಲಿಂಡರಿಗೆ ಎಳೆಸಿ, ಆಮೇಲೆ ಪೈಪು ಬಿಚ್ಚಿಸಿ.

ಕೆಲಸ ಮುಗಿದ ಮೇಲೆ ಹಳೆಯ ತಿರುಪಿನ ವಾಲ್ವುಗಳ ಮೇಲೆ ಆರ್-134ಎಯ ಅಡಾಪ್ಟರ್‌ಗಳನ್ನು ಬಿಗಿದು, ಬಾನೆಟ್ಟಿನ ಅಡಿಯಲ್ಲಿ ಒಂದು ಚೀಟಿ ಅಂಟಿಸಿ: ಯಾವ ಗ್ಯಾಸ್, ಎಷ್ಟು ಗ್ರಾಂ, ಯಾವ ಎಣ್ಣೆ, ಯಾವ ದಿನ. ಐದು ವರ್ಷದ ನಂತರ ಬೇರೆ ಊರಿನಲ್ಲಿ ಆ ಬಾನೆಟ್ ಎತ್ತುವ ಮೆಕ್ಯಾನಿಕ್ಕಿಗೆ ಒಳಗಿನ ಎಣ್ಣೆ ಯಾವುದೆಂದು ತಿಳಿಯಲು ಆ ಚೀಟಿ ಬಿಟ್ಟರೆ ಬೇರೆ ದಾರಿಯಿಲ್ಲ.