ಐದನೇ ಕಾಲು

ಕೇಳುಗರಿಗೆ ನಮಸ್ಕಾರ.

ನಾನು ವೆಲ್ಡರ್. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಹನ್ನೊಂದು ವರ್ಷ ದುಡಿದೆ. ಆಮೇಲೆ ಮಂಡ್ಯದ ಹತ್ತಿರ, ನಮ್ಮೂರ ರಸ್ತೆ ಬದಿಯಲ್ಲಿ ಶೆಡ್ ಹಾಕಿಕೊಂಡು ಸ್ವಂತ ವರ್ಕ್‌ಶಾಪ್ ಶುರು ಮಾಡಿದೆ. ಗೇಟು, ಗ್ರಿಲ್ಲು, ರ‍್ಯಾಕು, ಟ್ರೇಲರ್ ರಿಪೇರಿ. ನನ್ನ ಕೈಕೆಲಸದ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ತೊಂದರೆ ಆದದ್ದು ಅದರಿಂದಲೇ.

ಮೊದಲ ದೊಡ್ಡ ಆರ್ಡರ್ ಒಂದು ದಿನಸಿ ಅಂಗಡಿಯದು. ಐದು ರ‍್ಯಾಕು, ಒಂದೊಂದಕ್ಕೂ 4 ಅಡಿಯ ನಾಲ್ಕು ಕಾಲು, ಒಟ್ಟು 20 ಕಾಲು. ಪೈಪು 20 ಅಡಿ, ಒಂದು ಪೈಪಿಗೆ ಐದು ಕಾಲು, ನಾಲ್ಕು ಪೈಪು ಸಾಕು. ಹೀಗೆ ನಿಂತ ನಿಲುವಿನಲ್ಲೇ ಲೆಕ್ಕ ಹಾಕಿ ರೇಟು ಹೇಳಿಬಿಟ್ಟೆ. 20 ಅಡಿ ಅನ್ನುವುದು ನಮ್ಮ ಬಾಯಿಮಾತು. ಬಂದದ್ದು 6 ಮೀಟರಿನ ಪೈಪು, ಅಂದರೆ 19 ಅಡಿ 8 ಇಂಚು. ಸಾಲದ್ದಕ್ಕೆ ಒಂದೊಂದು ಸಲ ಕತ್ತರಿಸುವಾಗಲೂ ಕಟಿಂಗ್ ವೀಲು ಇನ್ನೊಂದಿಷ್ಟು ತಿನ್ನುತ್ತದೆ. ಐದನೇ ಕಾಲು 4 ಇಂಚಿಗಿಂತ ಜಾಸ್ತಿ ಗಿಡ್ಡ! ನಾಲ್ಕು ಪೈಪಿನಲ್ಲೂ ಇದೇ ಕಥೆ. ಇನ್ನೊಂದು ಪೈಪನ್ನು ನನ್ನ ಜೇಬಿನಿಂದಲೇ ತಂದೆ. ಕಂಪನಿಯಲ್ಲಿ ಈ ಲೆಕ್ಕ ಬೇರೆ ಯಾರೋ ಹಾಕುತ್ತಿದ್ದರು, ನನ್ನ ಕೈಗೆ ಕತ್ತರಿಸಿದ ತುಂಡು ಬರುತ್ತಿತ್ತು, ಅಷ್ಟೇ. ಆ ನಾಲ್ಕು ಗಿಡ್ಡ ಕಾಲಿಗೆ ಹಲಗೆ ಹೊಡೆದು ಮೇಜು ಮಾಡಿದ್ದೇನೆ. ನಿಂತುಕೊಂಡು ಬರೆಯುವಷ್ಟು ಎತ್ತರ ಇದೆ. ಈಗ ಎಲ್ಲ ಲೆಕ್ಕ ಅದರ ಮೇಲೇ.

ಒಂದು ಕಿಟಕಿ ಗ್ರಿಲ್ ತಗೊಳ್ಳಿ. 4 ಅಡಿಗೆ 4 ಅಡಿ, 12 ಎಂಎಂ ಚೌಕದ ರಾಡು. ಸುತ್ತಲೂ 16 ಅಡಿ. ನಡುವೆ 4 ಇಂಚಿಗೊಂದರಂತೆ 11 ರಾಡು, ಅದು 44 ಅಡಿ. ಒಟ್ಟು 60 ಅಡಿ. ಈ ರಾಡು ಮೀಟರಿಗೆ 1.13 ಕೆಜಿ ತೂಗುತ್ತದೆ. ಹಾಗಾಗಿ ಗ್ರಿಲ್ಲಿನಲ್ಲಿ ಸುಮಾರು 20.7 ಕೆಜಿ ಕಬ್ಬಿಣ. ಮೊದಮೊದಲು ನಾನು ಇಲ್ಲಿಗೇ ನಿಲ್ಲಿಸುತ್ತಿದ್ದೆ. ಕಬ್ಬಿಣದ ದುಡ್ಡಿನ ಮೇಲೆ ಚೂರು ಸೇರಿಸಿ ರೇಟು ಹೇಳುವುದು. ವೇಸ್ಟ್ ಆದ ತುಂಡು, ವೆಲ್ಡಿಂಗ್ ರಾಡು, ರೆಡ್ ಆಕ್ಸೈಡ್ ಬಣ್ಣ, ಕರೆಂಟು, ಆಟೊ ಬಾಡಿಗೆ, ಹೋಗಿ ಕೂರಿಸುವುದಕ್ಕೆ ಅರ್ಧ ದಿನ, ಇದಾವುದೂ ಲೆಕ್ಕದಲ್ಲಿ ಇರುತ್ತಿರಲಿಲ್ಲ. ಒಂದು ರಾತ್ರಿ ನಮ್ಮ ಮನೆಯವಳು ಪುಸ್ತಕ ನೋಡಿ ಕೇಳಿದಳು, "ಹುಡುಗನ ಕೂಲಿ ಬರ್ದಿದ್ದೀರ. ನಿಮ್ ಕೂಲಿ ಎಲ್ರೀ?" ನಾನು ಮಾತಾಡಲಿಲ್ಲ. ತಿಂಗಳ ಸಂಬಳಕ್ಕೆ ಒಗ್ಗಿದವನಿಗೆ ತನ್ನ ಕೂಲಿಯನ್ನು ತಾನೇ ಕೇಳುವುದು ನಾಚಿಕೆ ಕಣ್ರೀ. ಈಗ ಮೊದಲು ಅದನ್ನೇ ಬರೆಯುತ್ತೇನೆ. ಕಬ್ಬಿಣದ ರೇಟು ದಿನಕ್ಕೊಂದು ಥರ ಇರುವುದರಿಂದ ಕೊಟೇಶನ್ ಕೆಳಗೆ "ಏಳು ದಿನ ಮಾತ್ರ" ಅಂತಲೂ ಬರೆಯುತ್ತೇನೆ. ಅರ್ಧ ಅಡ್ವಾನ್ಸ್ ಬಂದ ಮೇಲೇ ಕಬ್ಬಿಣ ತರುವುದು.

ಸಾಲದ ವಿಷಯದಲ್ಲೂ ಆತುರಪಟ್ಟೆ. ಪಿಎಂಇಜಿಪಿ ಅಂತ ಕೇಂದ್ರ ಸರ್ಕಾರದ ಒಂದು ಯೋಜನೆ ಇದೆ, ಸ್ವಂತ ಉದ್ಯಮಕ್ಕೆ ಸಾಲದ ಜೊತೆ ಸಬ್ಸಿಡಿ ಕೊಡುವುದು. ಹಳ್ಳಿಯಲ್ಲಿ ಘಟಕ ಹಾಕಿದರೆ ಸಾಮಾನ್ಯ ವರ್ಗದವರಿಗೆ ಶೇ. 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರಿಗೆ ಶೇ. 35 ಸಬ್ಸಿಡಿ. ಆದರೆ ಅದು ಹೊಸ ಘಟಕಕ್ಕೆ. ನಾನು ಶೆಡ್ ಹಾಕಿ, ಮಿಷನ್ ತಂದು, ಆಯುಧಪೂಜೆಗೆ ಬೂದುಗುಂಬಳ ಒಡೆದು, ಎಲ್ಲಾ ಆದ ಮೇಲೆ ಅರ್ಜಿ ಕೇಳಲು ಹೋದೆ! ಕೊನೆಗೆ ಮುದ್ರಾ ಸಾಲ ತಗೊಂಡೆ. ನೀವು ಶುರು ಮಾಡುವವರಿದ್ದರೆ ಅರ್ಜಿ ಮೊದಲು, ಶೆಡ್ ಆಮೇಲೆ. ಉದ್ಯಮ್ ಅನ್ನುವ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿಗೆ ಒಂದು ಪೈಸೆಯೂ ಕೊಡಬೇಕಾಗಿಲ್ಲ. ಮನೆಯ ಮೀಟರಿಗೆ ವೆಲ್ಡಿಂಗ್ ಮಿಷನ್ ಸಿಕ್ಕಿಸಬೇಡಿ. ನಮ್ಮ ಕಡೆಯ ವಿದ್ಯುತ್ ಕಂಪನಿ ಸೆಸ್ಕ್‌ನಿಂದ ಬೇರೆ ಸಂಪರ್ಕ ತಗೊಳ್ಳಿ.

ನಮ್ಮ ಕಡೆ ಕಬ್ಬು ಕಡಿಯುವ ಕಾಲ ಬಂತೆಂದರೆ ನನಗೆ ನಿದ್ದೆ ಇಲ್ಲ. ಇವತ್ತು ಆಲೆಮನೆಯ ಕೊಪ್ಪರಿಗೆ ಸೋರುತ್ತದೆ, ನಾಳೆ ಟ್ರೇಲರಿನ ಹುಕ್ಕು ಬಿರುಕು ಬಿಡುತ್ತದೆ. "ಎರಡು ಟಚ್ ಕೊಟ್ಬುಡಣ್ಣ, ಲೋಡ್ ನಿಂತದೆ" ಅನ್ನುತ್ತಾರೆ. ಗೇಟಿಗಾದರೆ 6013 ಅನ್ನುವ ಸಾದಾ ವೆಲ್ಡಿಂಗ್ ರಾಡಿನಲ್ಲಿ ಟಚ್ ಕೊಡಬಹುದು. ಹುಕ್ಕಿಗೆ ಹಾಗಲ್ಲ. ಬಿರುಕನ್ನು ಬುಡದವರೆಗೂ ಗ್ರೈಂಡ್ ಮಾಡಬೇಕು. ತೇವ ತಾಗದಂತೆ ಒಣಗಿಸಿಟ್ಟ 7018 ಅನ್ನುವ ಗಟ್ಟಿ ವೆಲ್ಡಿಂಗ್ ರಾಡಿನಲ್ಲಿ ತುಂಬಬೇಕು. ಟನ್ನುಗಟ್ಟಲೆ ಕಬ್ಬು ಆ ಹುಕ್ಕಿನ ಮೇಲೆ ಎಳೆಯುತ್ತದೆ, ಹಿಂದೆ ಬೈಕಿನಲ್ಲಿ ಯಾರೋ ಬರುತ್ತಿರುತ್ತಾರೆ. ಅದಕ್ಕೇ ಈ ಕೆಲಸದಲ್ಲಿ ನಾನು ಆತುರಕ್ಕೆ ಬಗ್ಗುವುದಿಲ್ಲ. ಬೈಸಿಕೊಳ್ಳುತ್ತೇನೆ.

ಇನ್ನು ದುಡ್ಡು. "ಕಬ್ಬಿನ್ ದುಡ್ಡು ಬರ್ಲಿ, ಕೊಟ್ಬುಡ್ತೀನಿ ಕಣಣ್ಣ." ಕಾರ್ಖಾನೆಗೆ ಕಬ್ಬು ಕೊಟ್ಟ 14 ದಿನದೊಳಗೆ ರೈತನಿಗೆ ಹಣ ಸಿಗಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಹೇಳುತ್ತದೆ, ಸರಿ. ಅದು ತಡವಾದರೆ ಅವನ ಜೊತೆ ನಾನೂ ಕಾಯಬೇಕು. ನಾನೂ ರೈತನ ಮಗನೇ, ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಅದಕ್ಕೆ ಒಂದು ಏರ್ಪಾಡು ಮಾಡಿಕೊಂಡೆ. ರಾಡು, ಪ್ಲೇಟಿನ ದುಡ್ಡು ಕೈಗೆ ಬರಬೇಕು. ನನ್ನ ಕೂಲಿ ಮಾತ್ರ ಸಾಲ. ಎತ್ತರದ ಮೇಜಿನ ಮೇಲೆ ಅದಕ್ಕೇ ಬೇರೆ ಪುಸ್ತಕ ಇದೆ.

ಹೋದ ವಾರ ಆ ಪುಸ್ತಕದಲ್ಲಿ ಒಂದು ಹೆಸರು ಹೊಡೆದುಹಾಕಿದೆ. ಎಂಟು ತಿಂಗಳ ಹಳೆಯ ಬಾಕಿ. ಹಣದ ಜೊತೆ ಎರಡು ಅಚ್ಚು ಬೆಲ್ಲವನ್ನೂ ತಂದಿದ್ದ. ಅವನ ಟ್ರೇಲರ್ ಹೊರಗೇ ನಿಂತಿತ್ತು. ಹೋಗಿ ನಾನು ಹಾಕಿದ ಹುಕ್ಕನ್ನು ಮುಟ್ಟಿ ನೋಡಿದೆ. ಗಟ್ಟಿ ಇತ್ತು. ಮುರಿದದ್ದು ಈ ಸಲ ಹಿಂದಿನ ಬಾಗಿಲು.