ಪಿನಟೂಬೊ 1991: ಬೂದಿಯ ಮೇಲೆ ಮಳೆ ಬಿದ್ದಾಗ

[ದೃಶ್ಯ: ಮಧ್ಯಾಹ್ನದ ಹೊತ್ತು, ಆದರೂ ಪರದೆ ತುಂಬ ಕತ್ತಲು. ತಗಡಿನ ಮೇಲೆ ಏನೋ ಬೀಳುವ ಸದ್ದು.]

1991ರ ಜೂನ್ 15. ಫಿಲಿಪ್ಪೀನ್ಸ್‌ನ ಲೂಜಾನ್ ದ್ವೀಪ. ಸುಮಾರು 500 ವರ್ಷ ಸುಮ್ಮನಿದ್ದ ಪಿನಟೂಬೊ ಪರ್ವತ ಅವತ್ತು ಸಿಡಿದು, ಬೂದಿಯನ್ನು 35 ಕಿಲೋಮೀಟರ್‌ಗೂ ಎತ್ತರಕ್ಕೆ ಚಿಮ್ಮಿಸಿತು. ಅದೇ ದಿನ ಯುನ್ಯಾ ಎಂಬ ಚಂಡಮಾರುತ ಹತ್ತಿರದಲ್ಲೇ ಹಾದುಹೋಯಿತು. ಬೂದಿ ಬೀಳುತ್ತಿದ್ದ ಊರುಗಳ ಮೇಲೆ ಮಳೆಯೂ ಸುರಿಯಿತು. ಅಲ್ಲಿ ಆದ ಅನಾಹುತ ಅರ್ಥವಾಗಬೇಕಾದರೆ ಬೂದಿ, ನೀರು ಎರಡನ್ನೂ ಜೊತೆಗಿಟ್ಟು ನೋಡಬೇಕು.

ಬೂದಿ ಅಂದಕೂಡಲೇ ನಮಗೆ ನೆನಪಾಗುವುದು ಒಲೆಯ ಬೂದಿ. ಊದಿದರೆ ಹಾರಿಹೋಗುತ್ತದೆ. ಜ್ವಾಲಾಮುಖಿಯದ್ದು ಹಾಗಲ್ಲ, ಅಲ್ಲಿ ಏನೂ ಉರಿದು ಬೂದಿಯಾಗಿರುವುದಿಲ್ಲ. ಶಿಲಾಪಾಕ ಮೇಲಕ್ಕೆ ಬಂದಂತೆ ಒತ್ತಡ ಇಳಿದು, ಅದರಲ್ಲಿ ಕರಗಿದ್ದ ನೀರಾವಿ ಗುಳ್ಳೆಗಟ್ಟಿ ಸಿಡಿಯುತ್ತದೆ. ಆ ಹೊಡೆತಕ್ಕೆ ಶಿಲಾಪಾಕವೇ ಪುಡಿಯಾಗುತ್ತದೆ.

[ದೃಶ್ಯ: ಸೂಕ್ಷ್ಮದರ್ಶಕದಡಿ ಬೂದಿಯ ಕಣಗಳು]

ಒಂದು ಚಿಟಿಕೆ ತೆಗೆದು ನೋಡಿ. ಒಡೆದ ಬಲ್ಬಿನ ಚೂರುಗಳಂತೆ ಬಾಗಿದ, ಚೂಪು ಅಂಚಿನ ಗಾಜು. ನೀರಲ್ಲಿ ಕರಗುವುದಿಲ್ಲ, ಹೀರಿಕೊಂಡು ಭಾರವಾಗುತ್ತದೆ.

ಈಗ ಲೆಕ್ಕ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆಯ ಮಾಡಿನ ಮೇಲೆ 10 ಸೆಂಟಿಮೀಟರ್ ಬೂದಿ ಕೂತಿದೆ ಅಂದುಕೊಳ್ಳಿ. ಒಣಗಿದ್ದರೆ ಸುಮಾರು 650 ಕಿಲೋ, ಅಂದರೆ 13 ಮೂಟೆ ಸಿಮೆಂಟ್. ಅದೇ ಬೂದಿ ನೆನೆದರೆ ಭಾರ ಎರಡು ಪಟ್ಟಾಗಬಹುದು, ಸುಮಾರು 1,300 ಕಿಲೋ, 26 ಮೂಟೆ! ತಗಡು ಹೊದಿಸಿದ ಮಾಡನ್ನು ಇಷ್ಟು ಭಾರಕ್ಕೆ ಯಾರೂ ಕಟ್ಟಿರುವುದಿಲ್ಲ. ನಡುವೆ ಕಂಬವಿಲ್ಲದ ಸಭಾಂಗಣ, ಮಾರುಕಟ್ಟೆಯಂಥ ಅಗಲದ ಮಾಡುಗಳಿಗೆ ಅಪಾಯ ಇನ್ನೂ ಹೆಚ್ಚು. ಸ್ಫೋಟದ ಆ ದಿನಗಳಲ್ಲಿ ಸತ್ತ ಸುಮಾರು 300 ಜನರಲ್ಲಿ ಬಹುಪಾಲು ಮಂದಿ ಮಾಡು ಕುಸಿದೇ ಸತ್ತರು.

ಹಾಗಾದರೆ ಬೂದಿ ಬೀಳುವಾಗ ಏನು ಮಾಡಬೇಕು? ಕೆಲವೇ ಸೆಂಟಿಮೀಟರ್ ಇರುವಾಗಲೇ ತೆಗೆಯಲು ಶುರುಮಾಡಬೇಕು; ದಪ್ಪಗಾದ ಮೇಲೆ ಮಾಡು ಹತ್ತಿದರೆ ನಮ್ಮ ಭಾರವೂ ಅದಕ್ಕೆ ಸೇರುತ್ತದೆ. ಧೂಳೇಳದಂತೆ ನೀರನ್ನು ಚಿಮುಕಿಸಿ ಸಾಕು, ಪೈಪ್ ಹಿಡಿದು ತೊಳೆಯಬೇಡಿ. ತೊಳೆದರೆ ಭಾರ ಹೆಚ್ಚುತ್ತದೆ, ಹರಿದುಹೋದದ್ದು ಮಳೆನೀರಿನ ಕೊಳವೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಎನ್95 ಮಾಸ್ಕ್, ಸುತ್ತ ಮುಚ್ಚುವ ಕನ್ನಡಕ ಬೇಕೇ ಬೇಕು. ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಡಿ, ಇಲ್ಲದಿದ್ದರೆ ಆ ಗಾಜಿನ ಪುಡಿ ಕಣ್ಣುಗುಡ್ಡೆಯನ್ನು ಗೀರುತ್ತದೆ. ಕಾರಿನ ಗಾಜಿನ ಮೇಲೆ ಒಣ ವೈಪರ್ ಓಡಿಸಿದರೂ ಇದೇ ಕಥೆ. ನೀರಿನ ಟ್ಯಾಂಕಿಗೆ ಮೊದಲೇ ಮುಚ್ಚಳ ಹಾಕಿಡಿ.

ಕರೆಂಟ್ ಹೋಗುವುದಕ್ಕೂ ನೀರೇ ಕಾರಣ. ಒಣ ಬೂದಿಯಲ್ಲಿ ವಿದ್ಯುತ್ ಅಷ್ಟಾಗಿ ಹರಿಯುವುದಿಲ್ಲ. ಕಣಗಳಿಗೆ ಅಂಟಿದ ಲವಣ ನೀರಲ್ಲಿ ಕರಗಿದಾಗ ಹರಿಯುತ್ತದೆ, ಕಂಬದ ಪಿಂಗಾಣಿ ಇನ್ಸುಲೇಟರ್ ಮೇಲೆ ಕಿಡಿ ಹಾರಿ ಲೈನ್ ಟ್ರಿಪ್ ಆಗುತ್ತದೆ. ವಿಮಾನದ ತೊಂದರೆ ಮಾತ್ರ ಬೇರೆ ಬಗೆಯದು: ಎಂಜಿನ್ನಿನ ಕಾವಿಗೆ ಗಾಜು ಕರಗಿ, ಟರ್ಬೈನಿನಲ್ಲಿ ಮತ್ತೆ ಗಟ್ಟಿಯಾಗಿ ಗಾಳಿಯ ದಾರಿ ಕಟ್ಟುತ್ತದೆ.

ಇನ್ನು ವಾತಾವರಣ. ಪಿನಟೂಬೊ ಸುಮಾರು ಒಂದೂವರೆಯಿಂದ ಎರಡು ಕೋಟಿ ಟನ್ ಸಲ್ಫರ್ ಡೈಆಕ್ಸೈಡನ್ನು ವಾಯುಮಂಡಲದ ಮೇಲಿನ ಪದರಕ್ಕೆ ತಳ್ಳಿತು. ಅದು ಗಂಧಕಾಮ್ಲದ ಸಣ್ಣ ಹನಿಗಳಾಗಿ ಬಿಸಿಲನ್ನು ತಡೆಯಿತು. ಭೂಮಿಯ ಸರಾಸರಿ ತಾಪಮಾನ ಸುಮಾರು ಅರ್ಧ ಡಿಗ್ರಿ ಇಳಿಯಿತು. ಅಷ್ಟು ಮೇಲೆ ತೊಳೆದು ಇಳಿಸಲು ಮಳೆಯಿಲ್ಲ, ಹಾಗಾಗಿ ತಿಳಿಯಾಗಲು ಎರಡು ಮೂರು ವರ್ಷ ಹಿಡಿಯಿತು.

[ದೃಶ್ಯ: ಕಣಿವೆಯಲ್ಲಿ ಬೂದುಬಣ್ಣದ ಪ್ರವಾಹ]

ನೆಲದ ಮೇಲೆ ಇನ್ನೂ ಹೆಚ್ಚು ಕಾಲ ಬೇಕಾಯಿತು. ಬೆಟ್ಟದಿಂದ ಇಳಿದ ಬಿಸಿ ಬೂದಿ, ಕಲ್ಲುಗಳ ಪ್ರವಾಹ ಸುತ್ತಲಿನ ಕಣಿವೆಗಳನ್ನು ಕೆಲವೆಡೆ 200 ಮೀಟರ್ ದಪ್ಪಕ್ಕೆ ತುಂಬಿಸಿತ್ತು. ಬೇರು ಹಿಡಿದಿಡದ ಸಡಿಲ ರಾಶಿ ಅದು. ಪ್ರತಿ ಮಳೆಗಾಲವೂ ಅದನ್ನು ಕೊರೆದು ಕೆಳಗೆ ತಂದಿತು. ಇದಕ್ಕೆ ಲಹಾರ್ ಅನ್ನುತ್ತಾರೆ, ಜಾವಾದ ಮಾತು. ಹಸಿ ಕಾಂಕ್ರೀಟಿನಷ್ಟು ಮಂದ, ಹರಿಯುವುದು ಮಾತ್ರ ನದಿಯ ಹಾಗೆ. ಮಂದವಾಗಿರುವುದರಿಂದಲೇ ಬಂಡೆಗಳನ್ನೂ ಹೊತ್ತು ತರುತ್ತದೆ, ನಿಂತ ಮೇಲೆ ನೀರು ಬಸಿದು ಅಲ್ಲೇ ಗಟ್ಟಿಯಾಗುತ್ತದೆ. ಪ್ರವಾಹದ ನೀರು ಇಳಿದರೆ ಮನೆ ಗುಡಿಸಿ ಒಳಗೆ ಹೋಗಬಹುದು. ಲಹಾರ್ ಇಳಿಯುವುದಿಲ್ಲ.

ಕಣಿವೆಗಳ ಮೇಲ್ಭಾಗದಲ್ಲಿ ನೆಲದ ಕಂಪನ ಹಿಡಿಯುವ ಜಿಯೋಫೋನ್‌ಗಳನ್ನು ಹೂತಿಟ್ಟರು. ಲಹಾರ್ ಹೊರಟ ಕೂಡಲೇ ರೇಡಿಯೋ ಮೂಲಕ ಕೆಳಗಿನ ಊರುಗಳಿಗೆ ಸುದ್ದಿ ಮುಟ್ಟುತ್ತಿತ್ತು. ಜೀವ ಉಳಿಸಲು ಇದು ನೆರವಾಯಿತು, ಮನೆ ಉಳಿಸಲು ಅಲ್ಲ.

ಸ್ಫೋಟವಾಗಿ ನಾಲ್ಕು ವರ್ಷ ಕಳೆದ ಮೇಲೆ, 1995ರ ಅಕ್ಟೋಬರ್‌ನಲ್ಲಿ, ಪಂಪಾಂಗ ಪ್ರಾಂತ್ಯದ ಬಕೊಲೊರ್ ಊರು ಹೂತುಹೋಯಿತು. ಅಲ್ಲಿನ ಸಾನ್ ಗಿಯೆರ್ಮೊ ಚರ್ಚು ಎತ್ತರದಲ್ಲಿ ಅರ್ಧದಷ್ಟು ಮಣ್ಣಿನೊಳಗಿದೆ. ಜನ ಈಗಲೂ ಅಲ್ಲಿ ಪ್ರಾರ್ಥನೆಗೆ ಹೋಗುತ್ತಾರೆ. ಹಳೆಯ ಕಿಟಕಿಗಳೇ ಈಗ ಬಾಗಿಲು.